ಆಟಿ ತಿಂಗಳ ಲೆಕ್ಕ: ಅಟ್ಟದ ಅಡಿಕೆಯೂ ಕಾರ್ಡಿನ ಸಾಲವೂ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಮನೆಯ ಚಾವಡಿಯಲ್ಲಿ ಮನೆಯವರ ಜೊತೆ ನಾನು ಲೆಕ್ಕಕ್ಕೆ ಕೂತಾಗ ಬೆಳಿಗ್ಗೆ ಹತ್ತು ಗಂಟೆ, ಏಳುವಾಗ ದೀಪ ಹಚ್ಚುವ ಹೊತ್ತು. ತುಳುನಾಡಿನ ಮಳೆಗಾಲದ ತಿಂಗಳಾದ ಆಟಿಯ ಭಾನುವಾರ, ಬಿಡದ ಮಳೆ. ತೋಟದಲ್ಲಿ ಕೊಯ್ಲಿಲ್ಲ, ಅಂಗಳದಲ್ಲಿ ಒಣಗಲು ಏನೂ ಇಲ್ಲ. ಬ್ಯಾಂಕಿನ ಕಂತಿಗೆ ಮಾತ್ರ ಆಟಿಯೂ ಇಲ್ಲ, ಅದರ ಮುಂದಿನ ಸೋಣ ತಿಂಗಳೂ ಇಲ್ಲ. ಐದನೇ ತಾರೀಕಿಗೆ ಬಂದೇ ಬರುತ್ತದೆ. ಕಾಸರಗೋಡಿನ ಅಡಿಕೆ ಮನೆಗಳ ಸಾಲ ಬಿಗಿಯುವುದು ಇಲ್ಲಿಯೇ. ದುಡ್ಡು ಬರುವುದು ಬೆಳೆಯ ಲೆಕ್ಕದಲ್ಲಿ, ಬಡ್ಡಿ ಓಡುವುದು ತಿಂಗಳ ಲೆಕ್ಕದಲ್ಲಿ.

ಮನೆಯಲ್ಲಿ ನಾಲ್ಕು ಜನ. ಗಂಡನಿಗೆ ಪೇಟೆಯ ಅಂಗಡಿಯೊಂದರಲ್ಲಿ ಕೆಲಸ, ಹೆಂಡತಿ ಕೇರಳದ ಮಹಿಳಾ ಸ್ವಸಹಾಯ ಸಂಘವಾದ ಕುಟುಂಬಶ್ರೀಯಲ್ಲಿದ್ದಾರೆ, ಮಗಳು ಕಾಲೇಜಿಗೆ ಹೋಗುತ್ತಾಳೆ, ಅಜ್ಜಿಗೆ ಬಿಪಿ ಮತ್ತು ಸಕ್ಕರೆ ಕಾಯಿಲೆ. ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದಾಗ ಕ್ರೆಡಿಟ್ ಕಾರ್ಡಿನಲ್ಲಿ ತೆಗೆದದ್ದು 60,000 ರೂಪಾಯಿ ಹಾಗೇ ಉಳಿದಿದೆ. ಬ್ಯಾಂಕಿನ ವೈಯಕ್ತಿಕ ಸಾಲದಲ್ಲಿ 2 ಲಕ್ಷ ಬಾಕಿ, ಶೇಕಡಾ 14 ಬಡ್ಡಿ, ಇನ್ನೂ 36 ಕಂತು, ತಿಂಗಳಿಗೆ 6,835. ದಿನಸಿ ಅಂಗಡಿಯ ಪುಸ್ತಕದಲ್ಲಿ 7,000.

"ಮೂರು ತಿಂಗಳಿಂದ ಕೈ ಹಿಡಿದೇ ಖರ್ಚು ಮಾಡುತ್ತಿದ್ದೇವೆ ಮಾವ. ಮೀನು ವಾರಕ್ಕೊಂದೇ ದಿನ. ಪೇಟೆಗೆ ಹೋದರೆ ಹೋಟೆಲಿಗೆ ಕಾಲಿಡುವುದಿಲ್ಲ. ಆದರೂ ಸಾಲ ಇಳಿಯಲಿಲ್ಲ" ಎಂದು ನನಗೆ ಹೇಳಿದರು ಮನೆಯಾಕೆ. ಇದು ಸುಳ್ಳಲ್ಲ. ಸ್ಟೇಟ್‌ಮೆಂಟು ತೆಗೆದು ನೋಡಿದರೆ ತಿಂಗಳಿಗೆ 2,500 ರೂಪಾಯಿಯಷ್ಟು ಖರ್ಚು ನಿಜವಾಗಿಯೂ ಇಳಿದಿತ್ತು. ಆ ಹಣ ಸಂಬಳದ ಖಾತೆಯಲ್ಲೇ ಉಳಿದು, ಇಪ್ಪತ್ತನೇ ತಾರೀಕಿನ ನಂತರ ಸಣ್ಣಸಣ್ಣ ಗೂಗಲ್ ಪೇಗಳಾಗಿ ಹೊರಟುಹೋಗಿತ್ತು. ಬಾಯಿ ಕಟ್ಟಿ ಉಳಿಸಿದ್ದು ಸಾಲದ ಖಾತೆಗೆ ಮುಟ್ಟಿಯೇ ಇರಲಿಲ್ಲ.

ಹಾಗಾಗಿ ಖರ್ಚು ಕಡಿತಕ್ಕೆ ಹೊರಟವರು ಮೊದಲು ಮಾಡಬೇಕಾದದ್ದು ಮೂರು ತಿಂಗಳ ಸ್ಟೇಟ್‌ಮೆಂಟನ್ನು ಕಾಗದದಲ್ಲಿ ಪ್ರಿಂಟ್ ತೆಗೆಸುವುದು. ಮೊಬೈಲಿನಲ್ಲಿ ಮೇಲೆ ಕೆಳಗೆ ಸರಿಸುತ್ತಾ ನೋಡಿದರೆ ಏನೂ ಕಾಣುವುದಿಲ್ಲ. ಕಂತು, ಕರೆಂಟು, ಫೀಸು, ಔಷಧಿಗೆ ಕೆಂಪು ಗೆರೆ. ಅಡುಗೆಮನೆ ಮತ್ತು ಓಡಾಟಕ್ಕೆ ನೀಲಿ. ಯಾವುದಕ್ಕೆ ಕೊಟ್ಟದ್ದೆಂದು ನೆನಪಿಲ್ಲದ, 200 ರೂಪಾಯಿಗಿಂತ ಕಡಿಮೆಯ ಸಾಲುಗಳಿಗೆ ಹಸಿರು. ಹಸಿರನ್ನು ಬೇರೆ ಕೂಡಿಸಬೇಕು. ಈ ಮನೆಯಲ್ಲಿ ಒಂದು ತಿಂಗಳ ಹಸಿರು ಗೆರೆ 61, ಮೊತ್ತ 4,380. ಗಂಡ ಅದನ್ನು ಎರಡು ಸಲ ಕೂಡಿಸಿ ನೋಡಿದರು. ಅದರಲ್ಲಿ ದುಂದು ಎನ್ನುವಂಥದ್ದು ಒಂದೂ ಇರಲಿಲ್ಲ: ಚಹಾ, ರಿಕ್ಷಾ, ಜೆರಾಕ್ಸ್, ಬೇಕರಿ, ಯಾರದೋ ಬೀಳ್ಕೊಡುಗೆಗೆ ಪಾಲು. ಇವುಗಳನ್ನು ಪೂರ್ತಿ ನಿಲ್ಲಿಸಲು ಹೊರಟರೆ ಎರಡು ವಾರ ನಡೆದೀತು, ಅಷ್ಟೆ. ಅದಕ್ಕಿಂತ ಅದಕ್ಕೊಂದು ಮಿತಿ ಹಾಕಿ, ಉಳಿದದ್ದನ್ನು ಸಂಬಳ ಬಂದ ದಿನವೇ ಖಾತೆಯಿಂದ ಹೊರಗೆ ದಾಟಿಸುವುದು ಮೇಲು. ದಾಟಿಸುವ ಖಾತೆ ಬೇರೆಯೇ ಇರಬೇಕು. ಊರಿನ ಸೇವಾ ಸಹಕಾರಿ ಬ್ಯಾಂಕಿನಲ್ಲಿ ಹೆಂಡತಿಯ ಹೆಸರಲ್ಲಿ ಇರಲಿ. ಎಟಿಎಂ ಕಾರ್ಡು ಬೇಡ, ಯುಪಿಐಗೆ ಜೋಡಿಸುವುದೂ ಬೇಡ. ಹಣ ಬೇಕಾದರೆ ಮಳೆಯಲ್ಲಿ ನಡೆದು ಹೋಗಿ ಸ್ಲಿಪ್ ಬರೆಯಬೇಕು. ಆ ದಾರಿಯ ಉದ್ದವೇ ಕಾವಲು.

ಇನ್ನು ಯಾವ ಸಾಲ ಮೊದಲು ಎನ್ನುವುದು. ಕಂತು ದೊಡ್ಡದಿರುವುದರಿಂದ ಬ್ಯಾಂಕಿನ ಸಾಲವೇ ದೊಡ್ಡ ಭಾರವೆಂದು ಮನೆಯವರ ಭಾವನೆ. ಕಾರ್ಡಿಗೆ ತಿಂಗಳಿಗೆ 3,000 ಕಟ್ಟಿದರೆ ಸಾಕಲ್ಲ ಎಂದು ನೆಮ್ಮದಿ. ಕಾರ್ಡಿನ ಬಿಲ್ಲಿನ ಹಿಂಬದಿ ತಿರುಗಿಸಿ ನೋಡಿದರೆ ಬಡ್ಡಿ ತಿಂಗಳಿಗೆ ಶೇಕಡಾ 3.5. ಅಂದರೆ 60,000ಕ್ಕೆ 2,100. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, 378. ಒಟ್ಟು 2,478. ಕನಿಷ್ಠ ಮೊತ್ತವೆಂದು ಕಟ್ಟುವ 3,000ದಲ್ಲಿ ಅಸಲಿಗೆ ಹೋಗುವುದು 522 ರೂಪಾಯಿ ಮಾತ್ರ. ಇನ್ನೊಂದು ಮಾತು ಬಿಲ್ಲಿನಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ: ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಇಂದು ಅಕ್ಕಿಗೆಂದು ಕಾರ್ಡು ಉಜ್ಜಿದರೆ ಬಡ್ಡಿ ಇಂದಿನಿಂದಲೇ. ಹಾಗಾಗಿ ಬಾಕಿ ತೀರುವ ತನಕ ಆ ಕಾರ್ಡು ಪೆಟ್ಟಿಗೆಯಲ್ಲಿರಬೇಕು. ಅದಕ್ಕೆ ಜೋಡಿಸಿದ ರೀಚಾರ್ಜು, ಆಟೋ ಪೇ ಎಲ್ಲವನ್ನೂ ಬಿಡಿಸಬೇಕು.

ಅಷ್ಟು ಹೊತ್ತಿಗೆ ಮಾತು ಅಟ್ಟದ ಕಡೆಗೆ ಹೊರಳಿತು. ಅಟ್ಟದಲ್ಲಿ ಸುಮಾರು 400 ಕಿಲೋ ಚಾಲಿ, ಅಂದರೆ ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆ ಇದೆ. "ಚೌತಿ ಕಳೆದರೆ ರೇಟು ಏರುತ್ತದೆ ಎನ್ನುತ್ತಾರೆ, ಈಗ ಕೊಟ್ಟರೆ ನಷ್ಟವಲ್ಲವಾ ಮಾವ?" ಎಂದರು ಗಂಡ. ಹೊಸ ಅಡಿಕೆಯನ್ನು ಇಟ್ಟು ಹಳತು ಮಾಡಿ ಕೊಡುವುದು ಇಲ್ಲಿಯ ತೋಟದವರ ಹಳೆಯ ಜಾಣತನ, ಅದರಲ್ಲಿ ತಪ್ಪಿಲ್ಲ. ಸಾಲವೇ ಇಲ್ಲದ ಮನೆಗೆ ಅದು ಸರಿ. ಕಾರ್ಡಿನ ಬಾಕಿ ಇರುವ ಮನೆಗೆ ಅದೇ ಲೆಕ್ಕವನ್ನು ಇನ್ನೊಂದು ಸಲ ಹಾಕಬೇಕು.

ಮಗಳು ಕ್ಯಾಲ್ಕುಲೇಟರ್ ಹಿಡಿದಳು. ಕಿಲೋಗೆ 400 ಎಂದು ಹಿಡಿದರೆ ಕಾರ್ಡು ತೀರಿಸಲು ಬೇಕಾದದ್ದು 150 ಕಿಲೋ. ಕಾರ್ಡಿನ ಬಡ್ಡಿ ಜಿಎಸ್‌ಟಿ ಸೇರಿ ತಿಂಗಳಿಗೆ ಶೇಕಡಾ 4.13. ಅಂದರೆ ಮಾರದೆ ಅಟ್ಟದಲ್ಲಿಟ್ಟ ಒಂದೊಂದು ಕಿಲೋಗೂ ತಿಂಗಳಿಗೆ 16 ರೂಪಾಯಿ 50 ಪೈಸೆ ಬಾಡಿಗೆ ಕೊಟ್ಟ ಹಾಗೆ. ಆರು ತಿಂಗಳು ಕಾದರೆ ರೇಟು 500 ಆಗಬೇಕು, ಆಗಲೂ ಲಾಭವಿಲ್ಲ, ಸಮ ಅಷ್ಟೆ. ಅಷ್ಟರಲ್ಲಿ ಮಳೆಗಾಲದ ತಂಪಿಗೆ ಅಡಿಕೆಗೆ ಬೂಸ್ಟು (ಬೂಸಲು) ಬಂದರೆ, ಹುಳ ಹಿಡಿದರೆ, ಒಳ್ಳೆಯ ಮಾಲು ಪಟೋರದ, ಅಂದರೆ ಕಳಪೆ ಅಡಿಕೆಯ ರೇಟಿಗೆ ಇಳಿಯುತ್ತದೆ. ಚಾವಡಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅಜ್ಜಿ ಮಾತ್ರ ಒಪ್ಪಲಿಲ್ಲ. "ಅಟ್ಟದಲ್ಲಿ ಅಡಿಕೆ ಇದ್ದರೆ ಮನೆಗೊಂದು ಧೈರ್ಯ. ಎಲ್ಲ ಇಳಿಸಿಬಿಟ್ಟರೆ ನಾಳೆ ಏನಾದರೂ ಆದರೆ ಯಾರ ಹತ್ತಿರ ಹೋಗುವುದು?" ಅವರ ಮಾತೂ ಲೆಕ್ಕಕ್ಕೆ ಸಿಗುವಂಥದ್ದೇ. ಇದೇ ಅಳತೆಯನ್ನು ಬ್ಯಾಂಕಿನ ಶೇಕಡಾ 14ರ ಸಾಲಕ್ಕೆ ಹಿಡಿದರೆ ತಿಂಗಳಿಗೆ ಕಿಲೋಗೆ 4 ರೂಪಾಯಿ 67 ಪೈಸೆ ಮಾತ್ರ. ಅಷ್ಟನ್ನು ಹಳೆ ಅಡಿಕೆಯ ರೇಟು ದಾಟಿದರೂ ದಾಟೀತು. ಹಾಗಾಗಿ 150 ಕಿಲೋ ಇಳಿಸುವುದು, ಉಳಿದ 250 ಕಿಲೋ ಅಟ್ಟದಲ್ಲೇ ಇರುವುದು ಎಂದಾಯಿತು. ಆಸ್ಪತ್ರೆ ಖರ್ಚಿಗೆ ಮತ್ತೆ ಕಾರ್ಡು ಉಜ್ಜುವ ಬದಲು ಈ 250 ಕಿಲೋ ಇದೆ. ಕೈಯಲ್ಲಿ ಏನೂ ಇಟ್ಟುಕೊಳ್ಳದೆ ಎಲ್ಲವನ್ನೂ ಸಾಲಕ್ಕೆ ಸುರಿದ ಮನೆಗಳು ಮೊದಲ ಜ್ವರಕ್ಕೇ ಮತ್ತೆ ಸಾಲಕ್ಕೆ ಬೀಳುತ್ತವೆ.

ಅಡಿಕೆ ಇಲ್ಲದ ಮನೆಯವರು ಚಿನ್ನದ ಕಡೆ ನೋಡುತ್ತಾರೆ. ಶೇಕಡಾ 10ಕ್ಕೆ ಚಿನ್ನದ ಸಾಲ ಸಿಕ್ಕಿದರೆ 60,000ಕ್ಕೆ ತಿಂಗಳ ಬಡ್ಡಿ 500, ಕಾರ್ಡಿನಲ್ಲಿ 2,478. ಲೆಕ್ಕದಲ್ಲಿ ಇದು ಒಳ್ಳೆಯದೇ. ಕೆಡುವುದು ಬೇರೆ ಕಡೆ: ಚಿನ್ನದ ಸಾಲದಲ್ಲಿ ಎಷ್ಟೋ ಕಡೆ ತಿಂಗಳ ಕಂತಿಲ್ಲ, ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ. ಯಾರೂ ಕೇಳುವುದಿಲ್ಲವೆಂದು ವರ್ಷವಿಡೀ ಮರೆತು, ಗಡುವು ದಾಟಿದ ಮೇಲೆ ಹರಾಜಿನ ನೋಟಿಸು ನೋಡಿ ಓಡುತ್ತಾರೆ. ಕಾರ್ಡಿಗೆ ಕಟ್ಟುತ್ತಿದ್ದ 3,000ವನ್ನೇ ತಿಂಗಳು ತಿಂಗಳು ಚಿನ್ನದ ಸಾಲಕ್ಕೆ ಕಟ್ಟುವ ಗಟ್ಟಿತನ ಇದ್ದರೆ ಮಾತ್ರ ಈ ದಾರಿ. ಚಿಟ್ಟಿ (ಚಿಟ್ ಫಂಡ್) ಕಟ್ಟುತ್ತಿರುವವರೂ ಇದನ್ನೇ ಯೋಚಿಸಬೇಕು. ಕಾರ್ಡಿನ ಬಡ್ಡಿ ಓಡುತ್ತಿರುವಾಗ ಕೊನೆಯ ತನಕ ಕಾಯುವ ಚಿಟ್ಟಿಯಿಂದ ಏನೂ ಸಿಗುವುದಿಲ್ಲ, ಚಿಟ್ಟಿಯ ಹರಾಜಿನಲ್ಲಿ ಕರೆದು ಮೊದಲೇ ಹಣ ತೆಗೆದು ಬಾಕಿ ತೀರಿಸುವುದೇ ಲೇಸು. ಜಾಮೀನು ಕಾಗದ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಚಿಟ್ಟಿ ಬಿದ್ದರೂ ಹಣ ಕೈಗೆ ಬರುವಾಗ ತಡವಾಗುತ್ತದೆ.

ಊಟ ಮಾಡಿ ಮತ್ತೆ ಕೂತದ್ದು ಮನೆ ಖರ್ಚಿಗೆ. ಊಟಕ್ಕೆ ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯ ಪಲ್ಯ, ತಗಟೆ ಸೊಪ್ಪಿನ ತಂಬುಳಿ. ಆಟಿಯಲ್ಲಿ ಈ ಮನೆ ತರಕಾರಿಗೆ ಕೊಡುವ ದುಡ್ಡು ಕಡಿಮೆ, ಅಲ್ಲಿ ಹಿಂಡುವುದಕ್ಕೆ ಏನೂ ಇರಲಿಲ್ಲ.

ಕರೆಂಟಿನಲ್ಲಿ ಇತ್ತು. ಕೇರಳದ ವಿದ್ಯುತ್ ಮಂಡಳಿಯಾದ ಕೆಎಸ್‌ಇಬಿಯವರು ಮೀಟರ್ ಓದುವುದು ಎರಡು ತಿಂಗಳಿಗೊಮ್ಮೆ. ತಿಂಗಳಿಗೆ 250 ಯೂನಿಟ್, ಅಂದರೆ ಎರಡು ತಿಂಗಳಿಗೆ 500ರ ತನಕ ಮೆಟ್ಟಿಲು ಮೆಟ್ಟಿಲಾಗಿ ದರ. ಮೊದಲ ಯೂನಿಟ್‌ಗಳಿಗೆ ಕಡಿಮೆ, ಮೇಲಿನದಕ್ಕೆ ಹೆಚ್ಚು. 500 ದಾಟಿದರೆ ಆ ಮೆಟ್ಟಿಲು ಹೋಗಿ ಮೊದಲ ಯೂನಿಟ್‌ನಿಂದಲೇ ಎಲ್ಲದಕ್ಕೂ ಒಂದೇ ಮೇಲಿನ ದರ. ಈ ಮನೆಯ ಕಳೆದ ಬಿಲ್ಲು 532 ಯೂನಿಟ್. ಬರೇ 32 ಯೂನಿಟ್‌ಗಾಗಿ ಇಡೀ ಬಿಲ್ಲು ಏರಿತ್ತು. 2 ಕಿಲೋವಾಟ್‌ನ ಗೀಸರ್ ದಿನಕ್ಕೆ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್, ಎರಡು ತಿಂಗಳಿಗೆ 60. ಬಚ್ಚಲಿನ ಹಂಡೆ ಒಲೆ ಹಾಗೇ ಇದೆ, ಅಡಿಕೆ ಸಿಪ್ಪೆ, ಮಡಲು ಕೊಟ್ಟಿಗೆಯಲ್ಲಿ ರಾಶಿ ಬಿದ್ದಿದೆ. ಗೀಸರ್ ಸ್ವಿಚ್ಚಿಗೆ ಅಂದೇ ಟೇಪು ಬಿತ್ತು. ಬಿಲ್ಲು ಬಂದ ಮೇಲೆ ಬೇಜಾರು ಮಾಡಿಕೊಳ್ಳುವುದಕ್ಕಿಂತ ಪ್ರತಿ ಭಾನುವಾರ ಮೀಟರ್ ನೋಡಿ ಕ್ಯಾಲೆಂಡರಿನಲ್ಲಿ ಬರೆಯಬೇಕು. ವಾರಕ್ಕೆ 57 ಯೂನಿಟ್ ಒಳಗಿದ್ದರೆ ಭಯವಿಲ್ಲ.

ಗ್ಯಾಸಿನಲ್ಲಿ ದೊಡ್ಡ ಖರ್ಚು ಕುಚ್ಚಿಲಕ್ಕಿ. ಗಂಟೆಗಟ್ಟಲೆ ಕುದಿಸುವ ಬದಲು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಬಿಸಿ ಹಿಡಿಯುವ ಡಬ್ಬಿಯೊಳಗೆ ಇಳಿಸಿ ಮುಚ್ಚಿದರೆ ಒಂದೆರಡು ಗಂಟೆಯಲ್ಲಿ ತಾನೇ ಬೇಯುತ್ತದೆ. ಡಬ್ಬಿ ಈ ಮನೆಯಲ್ಲಿತ್ತು, ಮದುವೆಯ ಉಡುಗೊರೆಯಾಗಿ ಬಂದು ಕಪಾಟಿನ ಮೇಲೆ ಕೂತಿತ್ತು. ಮೊಬೈಲ್ ಪ್ಯಾಕು 28 ದಿನದ್ದಾದರೆ ವರ್ಷಕ್ಕೆ 12 ಅಲ್ಲ, 13 ಸಲ ರೀಚಾರ್ಜು. ಮನೆಯಲ್ಲಿ ವೈಫೈ ಇರುವಾಗ ನಾಲ್ಕು ಫೋನಿಗೂ ದಿನದ ಡೇಟಾ ಪ್ಯಾಕು ಬೇಡ. ರೇಷನ್ ಕಾರ್ಡು ಬಿಳಿಯದು, ಅಂದರೆ ಆದ್ಯತೆಯಿಲ್ಲದವರದ್ದು ಎಂದು ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದರು. ಅಕ್ಕಿ ಸಿಗುವಷ್ಟು ತರಬೇಕು, ಅದೇ ಕಾರ್ಡಿನಲ್ಲಿ ಕೇರಳ ಸರ್ಕಾರದ ಅಂಗಡಿ ಸಪ್ಲೈಕೋದ ಸಬ್ಸಿಡಿ ಸಾಮಾನೂ ಬರುತ್ತದೆ. ಅಜ್ಜಿಯ ಮಾತ್ರೆಗೆ ಜನೌಷಧಿ ಅಂಗಡಿ. ಚೀಟಿಯಲ್ಲಿ ಕಂಪೆನಿಯ ಹೆಸರಿದ್ದರೆ ಅದರ ಮದ್ದಿನ ಹೆಸರನ್ನು ಡಾಕ್ಟರ ಹತ್ತಿರವೇ ಬರೆಸಿಕೊಂಡು ಹೋಗಬೇಕು.

ಕಡಿಯಬಾರದ್ದೂ ಇದೆ, ಅದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಅಜ್ಜಿ ಯಾರಿಗೂ ಹೇಳದೆ ಸಕ್ಕರೆ ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದರು, ಮನೆಗೆ ಭಾರವಾಗಬಾರದೆಂದು. ಆ ಮಾತು ಹೊರಬಿದ್ದದ್ದೂ ಅಂದೇ. ಸೊಸೆಯ ಕಣ್ಣಲ್ಲಿ ನೀರು ಬಂತು. ಕಡಿಯಬಾರದ ಇನ್ನೊಂದು, ಅಡಿಕೆಯ ಕೊಳೆರೋಗದ ಮದ್ದು. ಮಳೆ ಹಿಡಿಯುವ ಮುಂಚೆ ಒಂದು ಸಲ ಬೋರ್ಡೋ ದ್ರಾವಣ ಹೊಡೆದಾಗಿತ್ತು, 40-45 ದಿನಕ್ಕೆ ಎರಡನೆಯದು ಆಗಬೇಕು; ಆಳಿನ ಮಜೂರಿ ಉಳಿಸಲು ಅದನ್ನು ಈ ಸಲ ಬಿಡೋಣವೆಂದು ಗಂಡನ ಯೋಚನೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಅದರ ಮೇಲೆ ಮರ ಹತ್ತುವವನ ಕೂಲಿ. ದೊಡ್ಡ ಖರ್ಚು ಹೌದು. ಆದರೆ ಎಳೆಕಾಯಿ ಉದುರಿ ಬುಡದಲ್ಲಿ ಹಾಸಿದರೆ ಬರುವ ವರ್ಷದ ಕಂತೇ ಉದುರಿದ ಹಾಗೆ. ಮಳೆ ಎರಡು ದಿನ ಬಿಟ್ಟ ಕೂಡಲೇ ಹೊಡೆಸುವುದೆಂದು ಪಟ್ಟಿಯ ಮೊದಲ ಸಾಲಿಗೆ ಹೋಯಿತು.

ಕಾರ್ಡು ತೀರಿದರೆ ಅಲ್ಲಿಗೆ ಹೋಗುತ್ತಿದ್ದ 3,000, ಮನೆಯಲ್ಲಿ ಉಳಿಸಿದ 2,500, ಒಟ್ಟು 5,500 ಬ್ಯಾಂಕಿನ ಸಾಲಕ್ಕೆ ಸಿಗುತ್ತದೆ. 6,835ರ ಜೊತೆ ತಿಂಗಳಿಗೆ 2,500 ಹೆಚ್ಚು ಕಟ್ಟಿದರೂ 36 ತಿಂಗಳ ಸಾಲ 25 ತಿಂಗಳಿಗೆ ಮುಗಿಯುತ್ತದೆ. 5,500 ಕಟ್ಟಿದರೆ ಹೆಚ್ಚುಕಡಿಮೆ 18 ತಿಂಗಳು. 46,000ದಷ್ಟಾಗಬೇಕಿದ್ದ ಬಡ್ಡಿ 23,000ಕ್ಕೆ ನಿಲ್ಲುತ್ತದೆ. ಇಲ್ಲೊಂದು ಎಡವಟ್ಟು ಆಗುತ್ತದೆ. ಕಂತು ಹೋಗುವ ಖಾತೆಯಲ್ಲಿ ಹೆಚ್ಚು ಹಣ ಇಟ್ಟ ಮಾತ್ರಕ್ಕೆ ಸಾಲ ಇಳಿಯುವುದಿಲ್ಲ. ಅದು ಸುಮ್ಮನೆ ಬಿದ್ದಿರುತ್ತದೆ, ಅಥವಾ ಮುಂದಿನ ಕಂತಿಗೆ ಮುಂಗಡ ಎಂದಾಗುತ್ತದೆ. ಅಸಲಿಗೆ ಭಾಗಶಃ ಪಾವತಿ ಎಂದು, ಕಂತು ಅಷ್ಟೇ ಇರಲಿ, ಅವಧಿ ಕಡಿಮೆ ಮಾಡಿ ಎಂದು ಬರೆದುಕೊಟ್ಟು ಹೊಸ ಕಂತಿನ ಪಟ್ಟಿ ಕೇಳಿ ತೆಗೆದುಕೊಳ್ಳಬೇಕು. ಬಡ್ಡಿ ದರ ಬದಲಾಗುತ್ತಿರುವ ಸಾಲವಾದರೆ, ವ್ಯಾಪಾರಕ್ಕಲ್ಲದ ವೈಯಕ್ತಿಕ ಸಾಲವನ್ನು ಹೀಗೆ ಮುಂಚೆ ಕಟ್ಟಿದ್ದಕ್ಕೆ ಬ್ಯಾಂಕು ದಂಡ ಹಾಕುವಂತಿಲ್ಲ. ದರ ಸ್ಥಿರವಾಗಿದ್ದರೆ ಶುಲ್ಕ ಇರಬಹುದು. ಸಣ್ಣ ಮೊತ್ತ ತೆಗೆದುಕೊಳ್ಳದ ಕಡೆ ಮೂರು ತಿಂಗಳದ್ದು ಸೇರಿಸಿ ಒಮ್ಮೆಗೆ ಕಟ್ಟುವುದು. ಸಹಕಾರಿ ಬ್ಯಾಂಕಿನ ಆ ಬೇರೆ ಖಾತೆ ಅದಕ್ಕೂ ಬೇಕು.

ದಿನಸಿ ಅಂಗಡಿಯ 7,000ಕ್ಕೆ ಬಡ್ಡಿಯಿಲ್ಲ. ಆದರೂ ತಿಂಗಳಿಗೆ 1,000ದಂತೆ ಕೊಟ್ಟು ಪುಸ್ತಕದಲ್ಲಿ ಬರೆಸುವುದು, ಹೊಸ ಸಾಮಾನಿಗೆ ನಗದು. ಮಾತು ಉಳಿಯಬೇಕಾದ ಸಾಲ ಅದು.

ಸಂಜೆ ಮನೆಯಾಕೆ ಕಾರ್ಡಿನವರಿಗೆ ಫೋನು ಮಾಡಿದರು. ಬಿಲ್ಲಿನಲ್ಲಿರುವ ಮೊತ್ತ ಕೇಳಲಿಲ್ಲ. "ಬುಧವಾರ ಕಟ್ಟಿದರೆ ಪೂರ್ತಿ ಎಷ್ಟು?" ಎಂದು ಕೇಳಿದರು. ಬಿಲ್ಲಿನ ದಿನದಿಂದ ಕಟ್ಟುವ ದಿನದ ತನಕದ ಬಡ್ಡಿ ಮುಂದಿನ ಬಿಲ್ಲಿಗೆ ಬರುತ್ತದೆ. ಎಲ್ಲ ತೀರಿತೆಂದು ಆ ಬಿಲ್ಲನ್ನು ನೋಡದೆ ಬಿಟ್ಟರೆ ಅದಕ್ಕೆ ತಡದ ಶುಲ್ಕ ಸೇರಿ ಮತ್ತೆ ಬೆಳೆಯುತ್ತದೆ. ಸ್ವಲ್ಪ ಬಿಟ್ಟುಕೊಡುತ್ತೇವೆ, ಸೆಟಲ್ ಮಾಡಿ ಎಂದರೆ ಒಪ್ಪಬಾರದು. ಸಾಲದ ಚರಿತ್ರೆ ಬರೆದಿಡುವ ಸಿಬಿಲ್‌ನಲ್ಲಿ ಸೆಟಲ್ಡ್ ಎಂದು ಬಿದ್ದರೆ ಮಗಳ ವಿದ್ಯಾಭ್ಯಾಸ ಸಾಲಕ್ಕೆ ಹೋದಾಗ ಅದು ಎದುರು ನಿಲ್ಲುತ್ತದೆ. ಪೂರ್ತಿ ಕಟ್ಟಿ, ಬಾಕಿಯಿಲ್ಲ ಎಂಬ ಪತ್ರ ತೆಗೆದುಕೊಳ್ಳಬೇಕು.

ಕ್ಯಾಲೆಂಡರಿನ ಬುಧವಾರದ ಚೌಕದಲ್ಲಿ ಮಗಳು ಆ ಮೊತ್ತ ಬರೆದಳು. ಗಂಡ ಏಣಿ ಇಟ್ಟು ಅಟ್ಟ ಹತ್ತಿದರು. ಮೊದಲ ಗೋಣಿಯ ಬಾಯಿ ಬಿಚ್ಚಿ ಒಂದು ಹಿಡಿ ಅಡಿಕೆ ಕೆಳಗೆ ಕೊಟ್ಟಾಗ ಅಜ್ಜಿ ಅದನ್ನು ದೀಪದ ಹತ್ತಿರ ಹಿಡಿದು, ಒಂದನ್ನು ಅಡಕತ್ತರಿಯಲ್ಲಿ ಸೀಳಿ ಒಳಗಿನ ಬಿಳಿ ನೋಡಿ, "ಬೂಸ್ಟಿಲ್ಲ, ಕೊಡಬಹುದು" ಎಂದರು.