ಮೊದಲ ಅರ್ತ್ ಫಾಲ್ಟ್

ನಾನು ನೌಕಾಪಡೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದವನು. ಜಾಮ್‌ನಗರದ ಐಎನ್‌ಎಸ್ ವಲ್ಸುರಾದಲ್ಲಿ ಕಲಿತೆ, ಹಡಗಿನಲ್ಲಿ ದುಡಿದೆ. ಈಗ ವಿಜಯಪುರದ ಹತ್ತಿರ ಒಂದು ಸೋಲಾರ್ ಪ್ಲಾಂಟಿನ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಸಮುದ್ರಕ್ಕೂ ಜೋಳದ ಹೊಲಕ್ಕೂ ಏನು ಸಂಬಂಧ ಅಂತ ಹುಡುಗರು ನಗುತ್ತಾರೆ. ಸಂಬಂಧ ಇದೆ. ಹಡಗಿನ ಡಿಸಿ ಲೈನಿನಲ್ಲೂ ನಮ್ಮ ಪ್ಯಾನೆಲ್ ಸಾಲಿನಲ್ಲೂ ಪ್ಲಸ್ಸನ್ನಾಗಲಿ ಮೈನಸ್ಸನ್ನಾಗಲಿ ಅರ್ತ್‌ಗೆ, ಅಂದರೆ ನೆಲಕ್ಕೆ (ಹಡಗಿನಲ್ಲಾದರೆ ಅದರ ಲೋಹದ ಮೈಗೆ), ಕಟ್ಟಿಲ್ಲ.

ಹಡಗಿನಲ್ಲಿ ಇದು ಬೇಕಂತಲೇ ಮಾಡಿದ್ದು. ಒಂದು ವೈರು ಸವೆದು ಹಡಗಿನ ಮೈಗೆ ತಾಗಿದರೂ (ಇದೇ ಮೊದಲ ಅರ್ತ್ ಫಾಲ್ಟ್) ಕರೆಂಟ್ ವಾಪಸ್ ಹೋಗಲು ದಾರಿಯಿಲ್ಲ. ಫ್ಯೂಸ್ ಹೋಗುವುದಿಲ್ಲ, ಚುಕ್ಕಾಣಿಯ ಮೋಟರ್ ನಿಲ್ಲುವುದಿಲ್ಲ. ಯುದ್ಧದ ನಡುವೆ ಅದು ನಿಂತರೆ ಕಥೆ ಮುಗಿದಂತೆ, ಅಲ್ವಾ? 220 ವೋಲ್ಟ್ ಡಿಸಿಯ ಕಾಲ ಹೋಗಿ 440 ವೋಲ್ಟ್ ಎಸಿ ಬಂದ ಮೇಲೂ ಈ ಪದ್ಧತಿ ಉಳಿಯಿತು. ಬ್ಯಾಟರಿ ಇರುವ ಡೀಸೆಲ್ ಸಬ್‌ಮರೀನಿನಲ್ಲಂತೂ ಡಿಸಿಯೂ ಉಳಿಯಿತು.

ಆದರೆ ಎರಡನೇ ಫಾಲ್ಟ್ ಎದುರು ಪೋಲಿನಲ್ಲಿ (ಮೊದಲನೆಯದು ಪ್ಲಸ್ಸಿನಲ್ಲಿದ್ದರೆ ಮೈನಸ್ಸಿನಲ್ಲಿ) ಬಂದರೆ ನೇರ ಶಾರ್ಟ್. ಅದಕ್ಕೇ ಹಳೇ ಸ್ವಿಚ್‌ಬೋರ್ಡಿನಲ್ಲಿ ಅರ್ತ್ ಲ್ಯಾಂಪ್ ಇರುತ್ತಿತ್ತು. ಪ್ಲಸ್ ಮೈನಸ್ ನಡುವೆ ಸೀರೀಸ್‌ನಲ್ಲಿ ಎರಡು ಬಲ್ಬು, ನಡುವಿನಿಂದ ಒಂದು ವೈರು ಹಡಗಿನ ಮೈಗೆ. ಎಲ್ಲ ಸರಿ ಇದ್ದರೆ ಎರಡರ ಬೆಳಕೂ ಸಮ. ಪ್ಲಸ್ ಅರ್ತ್ ಆಯಿತೋ, ಆ ಕಡೆಯದು ಮಂಕಾಗಿ ಇನ್ನೊಂದು ಝಗ್ ಅನ್ನುತ್ತದೆ. ಆಮೇಲೆ ಒಂದೊಂದೇ ಸರ್ಕ್ಯೂಟ್ ಆಫ್ ಮಾಡಿ ನೋಡುವುದು. ಯಾವುದನ್ನು ತೆಗೆದಾಗ ಬೆಳಕು ಸಮವಾಯಿತೋ ಅದೇ ಕಳ್ಳ.

ಪ್ಲಾಂಟಿನಲ್ಲಿ ಬಲ್ಬಿನ ಕೆಲಸವನ್ನು ಪ್ಯಾನೆಲ್ಲಿನ ಡಿಸಿಯನ್ನು ಎಸಿ ಮಾಡುವ ಇನ್ವರ್ಟರ್ ಮಾಡುತ್ತದೆ. ಮಳೆ ಬಿದ್ದ ಮರುದಿನ ಬೆಳಿಗ್ಗೆ ಇನ್ಸುಲೇಷನ್ ಫಾಲ್ಟ್ (ಅರ್ತ್‌ಗೆ ಕರೆಂಟ್ ಸೋರುವ ದಾರಿ ಇದೆ ಅಂತ) ತೋರಿಸಿ ಸುಮ್ನೆ ನಿಲ್ಲುತ್ತದೆ. ಬಿಸಿಲೇರಿದ ಮೇಲೆ ತಾನೇ ಶುರು. "ಈಗ ನಡದೈತಲ್ರೀ ಸರ, ಬಿಡ್ರಿ" ಅಂತಾನೆ ಹುಡುಗ. ಒಣಗಿದ್ದು ನೀರು, ಕೇಬಲ್ಲಿನ ಗಾಯವಲ್ಲ. ಒಣಗಿದ ಮೇಲೆ ಮೀಟರಿಗೂ ಸಿಗುವುದಿಲ್ಲ, ಹಸಿ ಇರುವಾಗಲೇ ಹುಡುಕಬೇಕು.

ಮೊದಲು ಇನ್ವರ್ಟರ್ ನಿಲ್ಲಿಸಿ ಐಸೋಲೇಟರ್ (ಲೈನ್ ಬೇರ್ಪಡಿಸುವ ಸ್ವಿಚ್) ಆಫ್. ಲೋಡ್ ಇರುವಾಗ ಕನೆಕ್ಟರ್ ಕೀಳಲೇಬಾರದು. ನಮ್ಮ 50 ಹರ್ಟ್ಜ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಕಿಡಿ ಆರಲು ಅವಕಾಶ ಸಿಗುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ. ನಂತರ ಸ್ಟ್ರಿಂಗ್‌ಗಳನ್ನು, ಅಂದರೆ ಸೀರೀಸ್‌ನಲ್ಲಿ ಜೋಡಿಸಿದ ಪ್ಯಾನೆಲ್ ಸಾಲುಗಳನ್ನು, ಬಿಡಿಸಿ, ಒಂದೊಂದರದೂ ಪ್ಲಸ್ಸಿನಿಂದ ಅರ್ತ್‌ಗೆ, ಮೈನಸ್ಸಿನಿಂದ ಅರ್ತ್‌ಗೆ ವೋಲ್ಟೇಜ್ ಅಳೆಯುತ್ತೇವೆ. ಚೆನ್ನಾಗಿರುವ ಸ್ಟ್ರಿಂಗಿನಲ್ಲಿ ರೀಡಿಂಗ್ ಇಳಿದುಹೋಗುತ್ತದೆ. ಫಾಲ್ಟ್ ಇದ್ದರೆ ನಿಲ್ಲುತ್ತದೆ. 20 ಪ್ಯಾನೆಲ್, 800 ವೋಲ್ಟ್ ಅನ್ನಿ, ಒಂದಕ್ಕೆ 40. ಪ್ಲಸ್ ಕಡೆ 600, ಮೈನಸ್ ಕಡೆ 200 ಬಂದರೆ, ಮೈನಸ್ಸಿನಿಂದ ಎಣಿಸಿ 5 ಮತ್ತು 6ನೇ ಪ್ಯಾನೆಲ್ ನಡುವೆ ನೋಡಿ.

ಮೊನ್ನೆ ಸಿಕ್ಕಿದ್ದೂ ಹಾಗೇ. ಕೇಬಲ್ ಕಟ್ಟಿದ ಟೈ ಹರಿದು, ಗಾಳಿಗೆ ಕೇಬಲ್ ಸ್ಟ್ರಕ್ಚರಿನ ಅಂಚಿಗೆ ಉಜ್ಜಿ ತಾಮ್ರ ಕಾಣುತ್ತಿತ್ತು. ಹೊಸ ಕೇಬಲ್ ಹಾಕಿ, ಅಂಚಿಗೆ ರಬ್ಬರ್ ಕೊಟ್ಟು, ಆ ಸಾಲಿನ ಟೈಗಳನ್ನೆಲ್ಲ ಬದಲಿಸಿದೆವು.