ಎಕರೆಗೆ ನೂರು ಹುಳ

ನಿಮ್ಮ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟು: ವಿಜ್ಞಾನಿಗಳು ಲ್ಯಾಬಿನಲ್ಲಿ ಕಂಡುಹಿಡಿದಿದ್ದನ್ನು ರೈತ ದುಡ್ಡು ಕೊಟ್ಟು ಕೊಳ್ಳುವ ಸರಕಾಗಿ ಮಾಡುವುದು. ಇಪ್ಪತ್ತೊಂದು ವರ್ಷ ಆಯ್ತು. ಮೊದಲು ಹೈದರಾಬಾದಿನಲ್ಲಿ ಲೈಸೆನ್ಸ್ ಕಾಗದಪತ್ರ, ಆಮೇಲೆ ಸ್ಟಾರ್ಟಪ್‌ಗಳ ಜೊತೆ ಓಡಾಟ, ಈಗ ಎಂಟು ವರ್ಷದಿಂದ ನಮ್ಮ ಕಲಬುರಗಿಯಲ್ಲೇ.

ಇವತ್ತು ಒಂದೇ ಒಂದು ಸರಕಿನ ಬಗ್ಗೆ ಬರೆಯುತ್ತೇನೆ. ಎನ್‌ಪಿವಿ. ತೊಗರಿ ಕಾಯಿಕೊರಕಕ್ಕೆ ನಮ್ಮ ಕಡೆ ಸುಮ್ನೆ ಕೀಡಿ ಅಂತಾರೆ. ಆ ಕೀಡಿಗೆ ಮಾತ್ರ ರೋಗ ತರುವ ವೈರಸ್ ಇದು. ಮನುಷ್ಯರಿಗೆ, ದನಕ್ಕೆ, ಜೇನಿಗೆ ಏನೂ ಆಗುವುದಿಲ್ಲ. ರೋಗ ಹತ್ತಿದ ಕೀಡಿ ಗಿಡದ ತುದಿಗೆ ಹತ್ತುತ್ತದೆ, ಅಲ್ಲಿ ತಲೆ ಕೆಳಗಾಗಿ ಜೋತು ಬಿದ್ದು ಸಾಯುತ್ತದೆ. ಮೈ ಕಪ್ಪಾಗಿ ಮೆತ್ತಗಾಗಿರುತ್ತದೆ. ಬೆರಳು ತಾಗಿದರೆ ಸಾಕು, ಒಡೆದು ಒಳಗಿನ ರಸ ಎಲೆ ಮೇಲೆ ಇಳಿಯುತ್ತದೆ. ಆ ಎಲೆ ತಿಂದ ಬೇರೆ ಕೀಡಿಗೂ ರೋಗ.

ತೊಂಬತ್ತರ ದಶಕದ ಕೊನೆಯಲ್ಲಿ ಕೀಡಿ ಹಾವಳಿ ನೋಡಿದವರಿಗೆ ಇದರ ಬೆಲೆ ಗೊತ್ತು. ಯಾವ ಎಣ್ಣೆ, ಅಂದರೆ ರಾಸಾಯನಿಕ ಕೀಟನಾಶಕ, ಹೊಡೆದರೂ ಸಾಯುತ್ತಿರಲಿಲ್ಲ. ಸಾಲಿನ ನಡುವೆ ತಾಡಪತ್ರಿ ಎಳೆದುಕೊಂಡು ಹೋಗಿ, ಗಿಡ ಅಲುಗಿಸಿ, ಉದುರಿದ ಹುಳ ಆರಿಸಿ ಕೊಂದ ಜನ ನಮ್ಮವರು.

ವಿಜ್ಞಾನ ಗಟ್ಟಿ ಇತ್ತು. ಆದರೂ ಅಂಗಡಿಗೆ ಬರಲು ಇಷ್ಟು ವರ್ಷ ಯಾಕೆ ಬೇಕಾಯ್ತು? ಲೆಕ್ಕ ಹೇಳುತ್ತೇನೆ. ಶಿಫಾರಸು ಇರುವುದು ಹೆಕ್ಟೇರಿಗೆ 250 ಎಲ್‌ಇ. ಎಲ್‌ಇ ಅಂದರೆ ರೋಗದಿಂದ ಸತ್ತ ಒಂದು ದೊಡ್ಡ ಹುಳದಲ್ಲಿ ಸಿಗುವಷ್ಟು ವೈರಸ್, ಸುಮಾರು 600 ಕೋಟಿ ಕಣ. ಅಂದರೆ ಎಕರೆಗೆ ನೂರು ಹುಳ. ಸಾವಿರ ಎಕರೆಗೆ ಒಂದು ಲಕ್ಷ ಹುಳ. ಈ ವೈರಸ್ ಬೆಳೆಯುವುದು ಜೀವಂತ ಹುಳದಲ್ಲಿ, ಮತ್ತು ಈ ಹುಳಗಳನ್ನು ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿಂದುಬಿಡುತ್ತವೆ. ಹಾಗಾಗಿ ಪ್ರತಿ ಹುಳಕ್ಕೂ ಬೇರೆ ಬೇರೆ ಗುಳಿ ಇರುವ ಟ್ರೇ ಬೇಕು, ಪ್ರತಿ ಗುಳಿಗೂ ಕಡಲೆ ಹಿಟ್ಟಿನ ಆಹಾರ ಹಾಕಬೇಕು, ಪ್ರತಿ ಹುಳವನ್ನೂ ಬ್ರಷ್ಷಿನಿಂದ ಎತ್ತಿ ಒಳಗೆ ಬಿಡಬೇಕು. ನಮ್ಮ ಘಟಕದ ಹೆಣ್ಣುಮಕ್ಕಳು ಈ ಕೆಲಸ ಮಾಡುವುದನ್ನು ನೋಡಬೇಕು ನೀವು. ಮಲ್ಲಿಗೆ ಮೊಗ್ಗು ಪೋಣಿಸಿದಷ್ಟು ನಾಜೂಕು. ಪ್ರಬಂಧದಲ್ಲಿ ಈ ಕೈಕೆಲಸಕ್ಕೆ ಸಿಗುವುದು ಒಂದು ಸಾಲು. ನನ್ನ ಖರ್ಚಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಅದೇ.

ತೊಗರಿಯಲ್ಲೇ ಇಂಥದ್ದು ಹಿಂದೆಯೂ ಆಗಿದೆ. ಹೈದರಾಬಾದ್ ಹತ್ತಿರದ ಪಟಾಂಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಿಂದ ಬಂದ ಐಸಿಪಿಎಚ್ 8, ಜಗತ್ತಿನ ಮೊದಲ ಹೈಬ್ರಿಡ್ ತೊಗರಿ, 1991ರಲ್ಲಿ ಬಿಡುಗಡೆ ಆಯ್ತು. ಇಳುವರಿ ಚೆನ್ನಾಗಿತ್ತು. ಆದರೆ ಹೈಬ್ರಿಡ್ ಬೀಜ ಆಗಬೇಕಾದರೆ ಹೆಣ್ಣು ಸಾಲಿನ ಗಿಡದಲ್ಲಿ ಪರಾಗ ಇರಬಾರದು; ಬೀಜ ಮಾಡುವ ಹೊಲದಲ್ಲಿ ಆ ಸಾಲಿನ ಅರ್ಧದಷ್ಟು ಗಿಡಗಳಲ್ಲಿ ಪರಾಗ ಬರುತ್ತಿತ್ತು. ಒಂದೊಂದೇ ಗಿಡ ನೋಡಿ, ಅಂಥವನ್ನೆಲ್ಲ ಕಿತ್ತೆಸೆಯಬೇಕು. ಆ ಖರ್ಚಿಗೆ ಬೀಜದ ವ್ಯಾಪಾರ ನಡೆಯಲಿಲ್ಲ. ಬೇರೆ ಪದ್ಧತಿ ಹುಡುಕಿ ಐಸಿಪಿಎಚ್ 2671 ಮಧ್ಯಪ್ರದೇಶದಲ್ಲಿ ಬಿಡುಗಡೆ ಆಗುವ ಹೊತ್ತಿಗೆ 2010. ಹೊಸಬರು ನನ್ನ ಹತ್ತಿರ ಸಲಹೆಗೆ ಬಂದಾಗ ನಾನು ಮೊದಲು ಕೇಳುವುದು, ಇದನ್ನು ದಿನಾ ಮಾಡುವವರು ಯಾರು, ಅವರ ಕೈಗೆ ಎಷ್ಟು ಕೆಲಸ ಬೀಳುತ್ತದೆ ಅಂತ. ಪೇಟೆಂಟ್ ಮಾತು ಆಮೇಲೆ.

ಹೈದರಾಬಾದಿನ ದಿನಗಳಲ್ಲಿ ಒಂದು ಕಂಪನಿ ನಮ್ಮಿಂದ ಒಂದು ತಂತ್ರಜ್ಞಾನದ ಲೈಸೆನ್ಸ್ ತೆಗೆದುಕೊಂಡಿತು. ಫೋಟೋ ತೆಗೆಸಿಕೊಂಡೆವು. ನಾಲ್ಕು ವರ್ಷ ಆದರೂ ಒಂದು ಬಾಟಲಿ ಹೊರಗೆ ಬರಲಿಲ್ಲ. ಒಪ್ಪಂದದಲ್ಲಿ ಇಂತಿಷ್ಟು ದಿನದೊಳಗೆ ಮಾರಾಟ ಶುರು ಮಾಡದಿದ್ದರೆ ಲೈಸೆನ್ಸ್ ವಾಪಸ್ ಅನ್ನುವ ಷರತ್ತು ಇರಲಿಲ್ಲ. ಆ ಕಾಗದ ಬರೆದವಳು ನಾನೇ. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಜೈವಿಕ ಕೀಟನಾಶಕಕ್ಕೂ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು, ಫರೀದಾಬಾದಿನ ಕೇಂದ್ರ ನೋಂದಣಿ ಸಮಿತಿಗೆ ಅರ್ಜಿ ಹೋಗಬೇಕು. ಆ ಕಾಯ್ದೆಯ 9(3ಬಿ) ಕಲಮಿನಡಿ ತಾತ್ಕಾಲಿಕ ನೋಂದಣಿ ಸಿಕ್ಕರೆ ಮಾರುತ್ತಲೇ ಉಳಿದ ಮಾಹಿತಿ ಕೂಡಿಸಬಹುದು. ತಾಳ್ಮೆ ಇದ್ದರೆ ಇದು ದಾಟುತ್ತದೆ.

ದಾಟಲು ಕಷ್ಟವಾದದ್ದು ಗಂಜ್‌ನ, ಅಂದರೆ ನಮ್ಮ ಮಾರುಕಟ್ಟೆಯ ಅಂಗಡಿ. ಮೊದಲ ವರ್ಷ ಒಬ್ಬ ಡೀಲರ್ ಕೇಳಿದರು, "ಮೇಡಂ, ಸೀಸನ್ ಮುಗದ್ ಮ್ಯಾಲ ಉಳಿದಿದ್ದು ವಾಪಸ್ ತಗೋತೀರೇನ್ರಿ?" ನ್ಯಾಯವಾದ ಪ್ರಶ್ನೆ. ಕೀಡಿ ಕಾಟ ಇರುವುದು ಹೂ, ಕಾಯಿ ಸಮಯದ ಕೆಲವೇ ವಾರ. ಆಮೇಲೆ ಉಳಿದ ಬಾಟಲಿ ಬೇಸಿಗೆಯಲ್ಲಿ ತಗಡಿನ ಕೆಳಗೆ ಕೂತರೆ, ನಮ್ಮ ಊರಿನ 42 ಡಿಗ್ರಿಯಲ್ಲಿ, ಒಳಗೆ ಏನು ಉಳಿಯುತ್ತದೆ? ಅದಕ್ಕೇ ಈಗ ಅಂಗಡಿಗೆ ಇಡುವುದಿಲ್ಲ. ಊರೂರಿನ ರೈತರ ಗುಂಪಿನಿಂದ ಮೊದಲೇ ಆರ್ಡರ್ ತೆಗೆದುಕೊಳ್ಳುತ್ತೇವೆ. ವಾಸನೆಯಿಂದ ಸೆಳೆಯುವ ಮೋಹಕ ಬಲೆಯಲ್ಲಿ ಕೀಡಿಯ ಪತಂಗ ಬೀಳಲು ಶುರುವಾದ ಕೂಡಲೇ ಐಸ್ ಡಬ್ಬಿಯಲ್ಲಿ ಹೊಲದ ತನಕ ಒಯ್ಯುತ್ತೇವೆ. ಕೀಡಿ ದಾರದೆಳೆಯಷ್ಟು ಸಣ್ಣದಿದ್ದಾಗಲೇ ಹೊಡೆಯಬೇಕು, ಸಂಜೆಯೇ ಹೊಡೆಯಬೇಕು. ಬಿಸಿಲಿಗೆ ವೈರಸ್ ನಿಲ್ಲುವುದಿಲ್ಲ. ಕೀಡಿ ಚೆನ್ನಾಗಿ ತಿನ್ನಲಿ ಅಂತ ಬೆಲ್ಲ, ಬಿಸಿಲಿನಿಂದ ಕಾಯಲಿ ಅಂತ ಬಟ್ಟೆಯ ನೀಲಿ ಬೆರೆಸುತ್ತೇವೆ.

ಆಳಂದ ಕಡೆಯ ಒಬ್ಬ ಹಿರಿಯರು ಮೂರನೇ ದಿನ ಫೋನ್ ಮಾಡಿ ಬೈದಿದ್ದರು. "ಯವ್ವಾ, ಎಣ್ಣಿ ಹೊಡದ್ರ ಮುಂಜಾನಿ ಕೀಡಿ ಬಿದ್ದಿರಬೇಕು. ನಿನ್ನ ಔಷಧ ಹೊಡದು ಮೂರು ದಿನ ಆತು, ಇನ್ನೂ ತಿನ್ಲಿಕತ್ತಾವ." ಒಂದು ವಾರ ತಡೀರಿ ಮುತ್ಯಾ ಅಂದೆ. ಫೋನ್ ಇಟ್ಟುಬಿಟ್ಟರು. ಎಂಟನೇ ದಿನ ಬೆಳಿಗ್ಗೆ ಆರಕ್ಕೆ ಮತ್ತೆ ಅವರದೇ ಫೋನ್. ಕೀಡಿ ಎಲ್ಲಾ ತಲೆ ಕೆಳಗಾಗಿ ಜೋತು ಬಿದ್ದಿವೆ, ಒಂದು ತಂಬಿಗೆ ತುಂಬ ಆರಿಸಿ ಇಟ್ಟಿದ್ದೇನೆ, ಇವನ್ನು ಅರೆದು ಉಳಿದ ಎರಡು ಎಕರೆಗೆ ಹೊಡೆಯಲಾ, ಇದಕ್ಕೂ ನಿಮಗೆ ರೊಕ್ಕ ಕೊಡಬೇಕಾ ಅಂತ ಕೇಳಿದರು.

ರೊಕ್ಕ ಬ್ಯಾಡ ಮುತ್ಯಾ ಅಂದೆ. ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ಇಲ್ಲಾಂದ್ರೆ ಪಂಪಿನ ನಾಝಲ್ ಕಟ್ಟುತ್ತದೆ. ಮತ್ತೆ, ಬಿಸಿಲು ಇಳಿದ ಮೇಲೇ ಹೊಡೀರಿ.