ಖಾಲಿ ಪ್ಲಾಸ್ಮಾದಲ್ಲಿ ಕಂಡ ಪೀಕ್

ಹಾಸನ, ಏಳನೇ ವಾರ.

ಹೋದ ಸಲ ಸ್ಟ್ಯಾಂಡರ್ಡ್ ಗೆರೆ (ಗೊತ್ತಿರುವ ಪ್ರಮಾಣಗಳನ್ನು ಅಳೆದು ಎಳೆಯುವ ಗೆರೆ) ನೆಟ್ಟಗೆ ಬಂತು ಅಂತ ಬೀಗಿದ್ದೆ. ಈ ವಾರ ಬ್ಲ್ಯಾಂಕ್, ಅಂದರೆ ಹಾರ್ಮೋನೇ ಇರಬಾರದ ಖಾಲಿ ಸ್ಯಾಂಪಲ್, ಕೈಕೊಟ್ಟಿತು.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ನಾನು ರಕ್ತದ ಪ್ಲಾಸ್ಮಾದಲ್ಲಿ ಅಳೆಯುತ್ತಿರುವುದು ಎಸ್ಟ್ರಾಡಯೋಲ್ ಅನ್ನುವ ಸ್ತ್ರೀ ಹಾರ್ಮೋನ್. ಅಂಡ ಬಿಡುಗಡೆಗೆ ಮುಂಚೆ ಇದು ಒಂದು ಮಿಲಿಲೀಟರ್‌ಗೆ ನೂರಾರು ಪಿಕೊಗ್ರಾಂ ಇರುತ್ತದೆ. ಮುಟ್ಟು ನಿಂತ ಮೇಲೆ ಹತ್ತಕ್ಕೂ ಕೆಳಗೆ ಇಳಿಯಬಹುದು. ಒಂದು ಗ್ರಾಂ ಅನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲೇ ಪಿಕೊಗ್ರಾಂ. ಅಷ್ಟು ಕಮ್ಮಿ ಇದ್ದಾಗ ಆಂಟಿಬಾಡಿ ಕಿಟ್‌ಗಳು ಇದನ್ನೇ ಹೋಲುವ ಬೇರೆ ಸ್ಟಿರಾಯ್ಡ್‌ಗಳನ್ನೂ ಲೆಕ್ಕಕ್ಕೆ ಸೇರಿಸಿಬಿಡುತ್ತವೆ. ಅದಕ್ಕೇ ಮಾಸ್ ಸ್ಪೆಕ್, ಅಂದರೆ ಅಣುಗಳನ್ನು ತೂಕದ ಮೇಲೆ ಗುರುತಿಸಿ ಎಣಿಸುವ ಮೆಷಿನ್.

ತಯಾರಿ ಎಲ್ಲ ಹಾಸನದಲ್ಲಿ, ಮೆಷಿನ್ ಬೆಂಗಳೂರಿನಲ್ಲಿ. 200 ಮೈಕ್ರೋಲೀಟರ್ ಪ್ಲಾಸ್ಮಾಗೆ ಐದು ಡ್ಯುಟೀರಿಯಂ (ಭಾರದ ಹೈಡ್ರೋಜನ್) ಇರುವ ಎಸ್ಟ್ರಾಡಯೋಲ್ ಹಾಕುತ್ತೇನೆ. ಅದು ಇಂಟರ್ನಲ್ ಸ್ಟ್ಯಾಂಡರ್ಡ್, ಅಂದರೆ ಹೋಲಿಸಿ ನೋಡಲು ಗೊತ್ತಿರುವ ಅಳತೆಯಲ್ಲಿ ಸೇರಿಸುವ ಜೊತೆಗಾರ. ದ್ರಾವಕದಲ್ಲಿ ಎಳೆದು, ನೈಟ್ರೋಜನ್ ಊದಿ ಒಣಗಿಸಿ, ಡ್ಯಾನ್ಸಿಲ್ ಕ್ಲೋರೈಡ್ ಜೊತೆ 60 ಡಿಗ್ರಿಯಲ್ಲಿ ಇಡುತ್ತೇನೆ. ಎಸ್ಟ್ರಾಡಯೋಲ್ ತಾನಾಗಿ ಸುಲಭಕ್ಕೆ ಚಾರ್ಜ್ ಹಿಡಿಯುವುದಿಲ್ಲ, ಈ ಡ್ಯಾನ್ಸಿಲ್ ಬಾಲ ಅಂಟಿಸಿದರೆ ಹಿಡಿಯುತ್ತದೆ. ಆಮೇಲೆ ಮೆಷಿನ್ 506 ತೂಕದ ಅಯಾನನ್ನು (ಚಾರ್ಜ್ ಹಿಡಿದ ಅಣುವನ್ನು) ಆರಿಸಿ, ಒಡೆದು, 171ರ ಚೂರನ್ನು ಎಣಿಸುತ್ತದೆ.

ಬಾಟಲಿಗಳನ್ನು ಮೀನಂಗಡಿಯವರು ಕೊಟ್ಟ ಥರ್ಮಾಕೋಲ್ ಡಬ್ಬಿಯಲ್ಲಿ, ಐಸ್ ಹಾಕಿ, ರೈಲಿನಲ್ಲಿ ಒಯ್ಯುತ್ತೇನೆ. ಪಕ್ಕದ ಸೀಟಿನ ಯಜಮಾನರು "ಬಂಗುಡೆನಾ?" ಅಂದರು. ಡಬ್ಬಿ ಇನ್ನೂ ವಾಸನೆ ಬಿಟ್ಟಿಲ್ಲ, ಅವರದೇನು ತಪ್ಪು.

ಈಗ ಬ್ಲ್ಯಾಂಕ್ ವಿಷಯ. ಪ್ಲಾಸ್ಮಾದಲ್ಲಿರುವ ಹಾರ್ಮೋನನ್ನು ಇದ್ದಿಲಿನಿಂದ ಹೀರಿ ತೆಗೆದಿದ್ದೆ. ಅದರಲ್ಲಿ ಏನೂ ಇರಬಾರದು. ಆದರೂ ಸರಿಯಾಗಿ ಎಸ್ಟ್ರಾಡಯೋಲ್ ಬರುವ ಹೊತ್ತಿಗೇ ಗೆರೆಯಲ್ಲಿ ಚಿಕ್ಕದೊಂದು ಉಬ್ಬು, ಅಂದರೆ ಪೀಕ್, ಸುಮಾರು 6 ಪಿಕೊಗ್ರಾಂಗೆ ಸಮ. ಇದ್ದಿಲು ಹಳೆಯದು ಅಂದುಕೊಂಡು ಹೊಸದು ಹಾಕಿ ರಾತ್ರಿಯಿಡೀ ತಿರುಗಿಸಿದೆ. ಅದೇ 6. ಮೆಷಿನ್ ಸೂಜಿಯಲ್ಲಿ ಹಿಂದಿನ ಸ್ಯಾಂಪಲ್ ಉಳಿದಿರಬೇಕು ಅಂತ ಮಧ್ಯೆ ಮೂರು ಸಲ ಬರೀ ದ್ರಾವಕ ಓಡಿಸಿದೆ. ಮತ್ತೆ ಅದೇ.

ಕೊನೆಗೆ ಪ್ಲಾಸ್ಮಾ ಬಿಟ್ಟು ಎರಡು ಟ್ಯೂಬ್ ನೀರು ತೆಗೆದುಕೊಂಡೆ. ಒಂದಕ್ಕೆ ಇಂಟರ್ನಲ್ ಸ್ಟ್ಯಾಂಡರ್ಡ್ ಹಾಕಿದೆ, ಇನ್ನೊಂದಕ್ಕೆ ಇಲ್ಲ. ಹಾಕದ್ದರಲ್ಲಿ ಗೆರೆ ಮಲಗಿತ್ತು. ಹಾಕಿದ್ದರಲ್ಲಿ ಪೀಕ್ ನಗುತ್ತಿತ್ತು! ಡ್ಯುಟೀರಿಯಂ ಹಾಕಿದ ಸರಕಿನಲ್ಲಿ ಚೂರುಪಾರು ಮಾಮೂಲಿ ಎಸ್ಟ್ರಾಡಯೋಲ್ ಉಳಿದಿರುತ್ತದೆ. ಅಳತೆಯಲ್ಲಿ ಹಾಕಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ನೋಟ್‌ಬುಕ್ ತೆಗೆದು ನೋಡಿದರೆ ಇಂಟರ್ನಲ್ ಸ್ಟ್ಯಾಂಡರ್ಡ್‌ನ ಅಳತೆ 200 ಆಗಬೇಕಿದ್ದ ಜಾಗದಲ್ಲಿ 2000. ನನ್ನದೇ ಕೈಬರಹ, ಒಂದು ಸೊನ್ನೆ ಜಾಸ್ತಿ. ಇಷ್ಟು ದಿನ ಸುಮ್ನೆ ಇದ್ದಿಲನ್ನು ಬೈದೆ ಅಲ್ವಾ.

ಹೊಸ ದ್ರಾವಣ ಮಾಡಿಟ್ಟಿದ್ದೇನೆ. ಗುರುವಾರ ಮೆಷಿನ್ ಸಿಗುತ್ತದೆ. ಅವತ್ತೇ ಎಸ್ಟ್ರಾಡಯೋಲ್‌ನ ಹತ್ತಿರದ ಹಾರ್ಮೋನ್ ಎಸ್ಟ್ರೋನ್‌ನ ಪೀಕನ್ನೂ ನೋಡಬೇಕು. ಅದರ ಮುಖ್ಯ ಅಯಾನು 504, ಆದರೆ ಅದರಲ್ಲೇ ಭಾರದ ಐಸೋಟೋಪು (ಅದೇ ಧಾತುವಿನ ತೂಕ ಹೆಚ್ಚಿರುವ ಪರಮಾಣು) ಸೇರಿದ ಅಣುಗಳು 506ಕ್ಕೇ ಬಂದು ಕೂರುತ್ತವೆ. 171ರ ಚೂರು ಡ್ಯಾನ್ಸಿಲ್ ಬಾಲದ್ದೇ ಆದ್ದರಿಂದ ಅದೂ ಎರಡಕ್ಕೂ ಒಂದೇ. ಹಾಗಾಗಿ ಮಾಸ್ ಸ್ಪೆಕ್‌ಗೆ ಮುಂಚಿನ ಕಾಲಂನಲ್ಲಿ (ಅಣುಗಳನ್ನು ಒಂದೊಂದಾಗಿ ಬೇರೆ ಹೊತ್ತಿಗೆ ಬಿಡುವ ಕೊಳವೆ) ಇವೆರಡೂ ಪೂರ್ತಿ ಬೇರೆಯಾಗಲೇಬೇಕು. ಸದ್ಯಕ್ಕೆ ಒಂದರ ಪೀಕಿನ ಅಂಚು ಇನ್ನೊಂದಕ್ಕೆ ತಾಗುತ್ತಿದೆ.